ನವಜಾತ ಶಿಶುವಿಗೆ ರಕ್ತಪೂರೈಕೆ ಕುಂಠಿತವಾದ ನಂತರ ಹೃದಯದ ಚೇತರಿಕೆಯನ್ನು ಅಳೆಯುವ ವಿಧಾನ: ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಹೆರಿಗೆಯ ಸಮಯದಲ್ಲಿ ಕೆಲವು ಶಿಶುಗಳಿಗೆ ಮಾಸಿನ ಮೂಲಕ ದೊರೆಯಬೇಕಾದ ರಕ್ತ ಹಾಗೂ ಆಮ್ಲಜನಕ ಸ್ವಲ್ಪ ಕಾಲ ಸಮರ್ಪಕವಾಗಿ ದೊರೆಯುವುದಿಲ್ಲ. ಹೊಕ್ಕುಳುಬಳ್ಳಿ ಒತ್ತಲ್ಪಡುವುದು, ಮಾಸು ಅವಧಿಗೆ ಮುನ್ನ ಕಳಚಿಕೊಳ್ಳುವುದು, ಹೆರಿಗೆ ಅತಿಯಾಗಿ ದೀರ್ಘವಾಗುವುದು, ತಾಯಿಯ ರಕ್ತದೊತ್ತಡದಲ್ಲಿ ತೀವ್ರ ಏರುಪೇರು ಉಂಟಾಗುವುದು ಇದಕ್ಕೆ ಸಾಮಾನ್ಯ ಕಾರಣಗಳಾಗಿವೆ. ಇಂತಹ ಶಿಶು ಹುಟ್ಟಿದ ಕೂಡಲೇ ಅಳುವುದಿಲ್ಲ; ಉಸಿರಾಟ ಆರಂಭವಾಗಲು ವೈದ್ಯಕೀಯ ನೆರವು ಬೇಕಾಗುತ್ತದೆ. ಇದನ್ನು ಜನನಕಾಲದ ಉಸಿರುಗಟ್ಟುವಿಕೆ ಎಂದು ಕರೆಯಲಾಗುತ್ತದೆ. ಶಿಶುವನ್ನು ನವಜಾತ ಶಿಶು ಘಟಕಕ್ಕೆ ದಾಖಲಿಸಿದ ನಂತರ ವೈದ್ಯರು ಹೃದಯದ ಪರೀಕ್ಷೆಗಳನ್ನು ಒಂದಕ್ಕಿಂತ ಹೆಚ್ಚು ಬಾರಿ ನಡೆಸುವುದನ್ನು ಪೋಷಕರು ಗಮನಿಸಿರಬಹುದು. ‘ನಿನ್ನೆಯಷ್ಟೇ ಎಕೋ ಆಗಿದೆ, ಇಂದು ಮತ್ತೆ ಏಕೆ’ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಸದರಿ ಪರೀಕ್ಷೆಗಳ ಉದ್ದೇಶ, ವರದಿಯಲ್ಲಿರುವ ಅಂಕಿಗಳ ಅರ್ಥ ಹಾಗೂ ಚಿಕಿತ್ಸೆಗಾಗಿ ಪಡೆಯಬಹುದಾದ ಸರ್ಕಾರಿ ಸೌಲಭ್ಯಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಶಿಶುವಿನ ಹೃದಯದ ಕಾರ್ಯ

ಮೂರು ಕಿಲೋಗ್ರಾಂ ತೂಕದ ಶಿಶುವಿನ ದೇಹದಲ್ಲಿ ಇರುವ ಒಟ್ಟು ರಕ್ತ ಸುಮಾರು 250 ಮಿಲಿಲೀಟರ್ ಮಾತ್ರ. ಹೃದಯದ ಎಡ ಹೃತ್ಕುಕ್ಷಿಯು ಒಂದು ಬಡಿತಕ್ಕೆ ಹೊರದೂಡುವ ರಕ್ತ ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ನಾಲ್ಕರಿಂದ ಐದು ಮಿಲಿಲೀಟರ್ ಇರುತ್ತದೆ. ಆದರೆ ಈ ಹೃದಯವು ನಿಮಿಷಕ್ಕೆ 120ರಿಂದ 160 ಬಾರಿ ಬಡಿಯುವುದರಿಂದ ನಿಮಿಷವೊಂದಕ್ಕೆ ಸುಮಾರು 600 ಮಿಲಿಲೀಟರ್ ರಕ್ತ ಮುಂದೆ ಸಾಗುತ್ತದೆ. ಅಂದರೆ ದೇಹದಲ್ಲಿರುವ ಅಷ್ಟೂ ರಕ್ತ ಅರ್ಧ ನಿಮಿಷದೊಳಗೆ ಒಂದು ಸುತ್ತು ಬಂದುಬಿಡುತ್ತದೆ. ದೊಡ್ಡವರ ಹೃದಯಕ್ಕೆ ಹೆಚ್ಚಿನ ರಕ್ತ ಬೇಕಾದಾಗ ಬಡಿತದ ವೇಗವನ್ನೂ ಪ್ರತಿ ಬಡಿತದ ಬಲವನ್ನೂ ಹೆಚ್ಚಿಸಿಕೊಳ್ಳುವ ಶಕ್ತಿ ಇರುತ್ತದೆ. ನವಜಾತ ಶಿಶುವಿನ ಹೃದಯ ಸ್ನಾಯು ಇನ್ನೂ ಬಲಿಯದೇ ಇರುವುದರಿಂದ ಬಲವನ್ನು ಹೆಚ್ಚಿಸುವ ಸಾಮರ್ಥ್ಯ ಕಡಿಮೆ. ಅದು ಮುಖ್ಯವಾಗಿ ವೇಗವನ್ನೇ ಅವಲಂಬಿಸುತ್ತದೆ. ಆದುದರಿಂದ ಬಡಿತ ನಿಧಾನವಾಯಿತೆಂದರೆ ಶಿಶುವಿನ ರಕ್ತಪರಿಚಲನೆಯೇ ಕುಗ್ಗಿತೆಂದು ತಿಳಿಯಬೇಕು.

ಆಮ್ಲಜನಕ ಕಡಿಮೆಯಾದಾಗ ಶಿಶುವಿನ ದೇಹ ತನ್ನನ್ನು ತಾನು ರಕ್ಷಿಸಿಕೊಳ್ಳುವ ಒಂದು ವ್ಯವಸ್ಥೆ ಇದೆ. ಮೂತ್ರಪಿಂಡ, ಕರುಳು ಹಾಗೂ ಚರ್ಮಕ್ಕೆ ಹೋಗುವ ರಕ್ತವನ್ನು ತಗ್ಗಿಸಿ, ಮಿದುಳು ಹಾಗೂ ಹೃದಯಕ್ಕೆ ಅದನ್ನು ತಿರುಗಿಸಲಾಗುತ್ತದೆ. ಅಲ್ಲದೆ ಶಿಶುವಿನ ಹೃದಯ ಸ್ನಾಯುವಿನಲ್ಲಿ ಗ್ಲೈಕೋಜನ್ ರೂಪದ ಸಕ್ಕರೆಯ ದಾಸ್ತಾನು ಇರುವುದರಿಂದ ಆಮ್ಲಜನಕವಿಲ್ಲದೆಯೂ ಸ್ವಲ್ಪ ಕಾಲ ಅದು ಕೆಲಸ ಮಾಡಬಲ್ಲದು. ಕೊರತೆ ಇನ್ನೂ ಮುಂದುವರಿದರೆ ದಾಸ್ತಾನು ತೀರುತ್ತದೆ, ರಕ್ತದಲ್ಲಿ ಆಮ್ಲಾಂಶ ಹೆಚ್ಚುತ್ತದೆ ಮತ್ತು ಹೃದಯವೂ ಸೋಲಲಾರಂಭಿಸುತ್ತದೆ.

ರಕ್ತದ ಪೂರೈಕೆ ಮರಳಿದ ಕ್ಷಣವೇ ಹೃದಯದ ಬಲ ಮರಳುವುದಿಲ್ಲ ಎಂಬುದು ಈ ವಿಷಯದಲ್ಲಿ ಅತಿ ಮುಖ್ಯವಾದ ಅಂಶ. ಸ್ನಾಯು ಸತ್ತಿರುವುದಿಲ್ಲ, ಆದರೆ ಸರಿಯಾಗಿ ಸಂಕುಚಿಸುವುದೂ ಇಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಮಂಕಾಗಿರುತ್ತದೆ. ಹೃದಯ ಸ್ನಾಯುವಿನ ಈ ಸ್ಥಿತಿಯನ್ನು ಬ್ರೌನ್‌ವಾಲ್ಡ್ ಮತ್ತು ಕ್ಲೋನರ್ ಎಂಬ ವೈದ್ಯವಿಜ್ಞಾನಿಗಳು 1982ರಲ್ಲಿ ವಿವರಿಸಿದರು. ಅದಕ್ಕೂ ಮೊದಲು, 1972ರಲ್ಲಿ, ರೋ ಮತ್ತು ಹಾಫ್‌ಮನ್ ಎಂಬ ವೈದ್ಯರು ಪೂರ್ಣಾವಧಿಯಲ್ಲಿ ಹುಟ್ಟಿದ ಶಿಶುಗಳ ಹೃದಯ ಸ್ನಾಯುವಿಗೆ ತಾತ್ಕಾಲಿಕವಾಗಿ ರಕ್ತ ಸಾಲದಾಗುವ ಸ್ಥಿತಿಯನ್ನು ಗುರುತಿಸಿದ್ದರು. ಇಲ್ಲಿ ‘ತಾತ್ಕಾಲಿಕ’ ಎಂಬ ಪದವನ್ನು ಪೋಷಕರು ವಿಶೇಷವಾಗಿ ಗಮನಿಸುವುದು ಸೂಕ್ತ. ಚಿಕಿತ್ಸೆ ದೊರೆತು ಬದುಕುಳಿದ ಬಹುಪಾಲು ಶಿಶುಗಳಲ್ಲಿ ಹೃದಯವು ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಚೇತರಿಸಿಕೊಳ್ಳುತ್ತದೆ. ಆ ಚೇತರಿಕೆ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಒಂದು ದಿನದ ಒಂದು ಪರೀಕ್ಷೆಯಿಂದ ಹೇಳಲಾಗದು.

ಮೊದಲ ಅಳತೆ: ಹೆರಿಗೆ ಕೊಠಡಿಯಲ್ಲಿ

ಹೃದಯದ ಚೇತರಿಕೆಯನ್ನು ಅಳೆಯುವ ಕಾರ್ಯ ದೊಡ್ಡ ಯಂತ್ರಗಳಿಂದ ಆರಂಭವಾಗುವುದಿಲ್ಲ. ಹೆರಿಗೆ ಮಾಡಿಸಿದ ಶುಶ್ರೂಷಕಿ ಅಥವಾ ವೈದ್ಯರು ಶಿಶುವಿನ ಎದೆಯ ಮೇಲೆ ಸ್ಟೆತೋಸ್ಕೋಪ್ ಇಟ್ಟು ಬಡಿತ ಎಣಿಸುವುದೇ ಮೊದಲ ಅಳತೆ. ಬಡಿತ ನಿಮಿಷಕ್ಕೆ 100ಕ್ಕಿಂತ ಕಡಿಮೆ ಇದ್ದರೆ ಚೀಲ ಮತ್ತು ಮುಖವಾಡದ ಮೂಲಕ ಉಸಿರು ನೀಡಲಾಗುತ್ತದೆ. ಸರಿಯಾಗಿ ಉಸಿರು ನೀಡಿದ ನಂತರವೂ 60ಕ್ಕಿಂತ ಕೆಳಗಿದ್ದರೆ ಎದೆಯನ್ನು ಒತ್ತಲಾಗುತ್ತದೆ. ಶ್ವಾಸಕೋಶಕ್ಕೆ ಗಾಳಿ ಸೇರಿದ ಕೂಡಲೇ ಬಡಿತ ಏರಿದರೆ ಅದು ಅತ್ಯಂತ ಒಳ್ಳೆಯ ಸೂಚನೆ. ವರ್ಜೀನಿಯಾ ಎಪ್ಗಾರ್ ಎಂಬ ವೈದ್ಯೆ 1953ರಲ್ಲಿ ಪ್ರಕಟಿಸಿದ ಎಪ್ಗಾರ್ ಅಂಕದಲ್ಲಿಯೂ ಐದು ಅಂಶಗಳ ಪೈಕಿ ಹೃದಯ ಬಡಿತ ಒಂದಾಗಿದೆ. ಹುಟ್ಟಿದ ಒಂದನೇ ಹಾಗೂ ಐದನೇ ನಿಮಿಷದಲ್ಲಿ ಹತ್ತಕ್ಕೆ ಎಷ್ಟು ಅಂಕ ಎಂಬುದನ್ನು ಪ್ರಸೂತಿ ದಾಖಲೆಯಲ್ಲಿ ನಮೂದಿಸಲಾಗುತ್ತದೆ. ಶಿಶುವನ್ನು ಬೇರೆ ಆಸ್ಪತ್ರೆಗೆ ಕಳುಹಿಸುವಾಗ ಈ ಅಂಕಗಳು ಹಾಗೂ ಉಸಿರು ನೀಡಿದ ಅವಧಿಯ ವಿವರ ರೆಫರಲ್ ಪತ್ರದಲ್ಲಿ ಇರುವಂತೆ ಪೋಷಕರು ಕೇಳಿಕೊಳ್ಳಬಹುದು. ಮುಂದಿನ ವೈದ್ಯರಿಗೆ ಅದಕ್ಕಿಂತ ಉಪಯುಕ್ತವಾದ ಕಾಗದ ಮತ್ತೊಂದಿಲ್ಲ.

ಶಿಶುವಿನ ಉಸಿರಾಟಕ್ಕೆ ನೆರವು ನೀಡುವ ತರಬೇತಿಯನ್ನು ಆರೋಗ್ಯ ಸಿಬ್ಬಂದಿಗೆ ನೀಡುವ ಸಲುವಾಗಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವನ್ನು 2009ರಲ್ಲಿ ದೇಶಾದ್ಯಂತ ಆರಂಭಿಸಲಾಯಿತು. ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕೆಂದು ಇಲಾಖೆಯು ಒತ್ತಾಯಿಸುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು: ಈ ಮೊದಲ ಅಳತೆ ಹಾಗೂ ಮೊದಲ ಉಸಿರು ಎರಡೂ ಒಂದು ನಿಮಿಷದೊಳಗೆ ಆಗಬೇಕಾದ ಕೆಲಸಗಳು.

ಘಟಕದಲ್ಲಿ ನಡೆಯುವ ಪರೀಕ್ಷೆಗಳು

ಶಿಶುವನ್ನು ಘಟಕಕ್ಕೆ ದಾಖಲಿಸಿದ ನಂತರ ಮೊದಲು ನೋಡುವುದು ಹೊರಗಿನಿಂದ ಕಾಣುವ ಲಕ್ಷಣಗಳನ್ನು. ಎದೆಯ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಚಿದ ಜಾಗಕ್ಕೆ ಸುಮಾರು ಮೂರು ಸೆಕೆಂಡಿನೊಳಗೆ ರಕ್ತ ಮರಳಬೇಕು. ಕೈಕಾಲು ಬೆಚ್ಚಗಿರಬೇಕು. ಮೊದಲ ದಿನದ ನಂತರ ಮೂತ್ರದ ಪ್ರಮಾಣವು ಗಂಟೆಗೆ, ಪ್ರತಿ ಕಿಲೋಗ್ರಾಂ ತೂಕಕ್ಕೆ, ಒಂದು ಮಿಲಿಲೀಟರಿಗಿಂತ ಕಡಿಮೆಯಾಗಬಾರದು. ಶುಶ್ರೂಷಕಿಯರು ಒದ್ದೆಯಾದ ಬಟ್ಟೆಯನ್ನು ತೂಗಿ ನೋಡುವುದು ಇದೇ ಕಾರಣಕ್ಕೆ. ಅದು ಹೃದಯದ ಪರೀಕ್ಷೆಯೂ ಹೌದು. ಹೃದಯ ಸಾಕಷ್ಟು ರಕ್ತವನ್ನು ಕಳುಹಿಸಿದರೆ ಮಾತ್ರ ಮೂತ್ರಪಿಂಡ ಕೆಲಸ ಮಾಡುತ್ತದೆ. ರಕ್ತದೊತ್ತಡ ಮತ್ತು ರಕ್ತದಲ್ಲಿನ ಲ್ಯಾಕ್ಟೇಟ್ ಪ್ರಮಾಣವನ್ನೂ ಅಳೆಯಲಾಗುತ್ತದೆ. ಗಂಟೆಗಳು ಕಳೆದಂತೆ ಲ್ಯಾಕ್ಟೇಟ್ ಇಳಿಯುತ್ತಾ ಬಂದರೆ ಅಂಗಾಂಗಗಳಿಗೆ ಆಮ್ಲಜನಕ ತಲುಪುತ್ತಿದೆ ಎಂದು ಅರ್ಥ.

ಇಸಿಜಿ ಪರೀಕ್ಷೆಯು ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ದಾಖಲಿಸುತ್ತದೆ. ಸ್ನಾಯುವಿಗೆ ರಕ್ತ ಸಾಲದಾದಾಗ ಅಲೆಗಳ ಆಕಾರ ಬದಲಾಗುತ್ತದೆ. ಆದರೆ ಆರೋಗ್ಯವಂತ ನವಜಾತ ಶಿಶುವಿನ ಇಸಿಜಿಯೇ ದೊಡ್ಡವರ ಇಸಿಜಿಗಿಂತ ಭಿನ್ನವಾಗಿರುವುದರಿಂದ ಇದನ್ನು ಶಿಶುತಜ್ಞರು ಓದಿ ಹೇಳುವುದೇ ಸರಿ.

ಟ್ರೋಪೋನಿನ್ ಎಂಬುದು ಹೃದಯ ಸ್ನಾಯುವಿನೊಳಗಿನ ಒಂದು ಪ್ರೋಟೀನು. ಸ್ನಾಯುವಿನ ಕೋಶಗಳಿಗೆ ಹಾನಿಯಾದಾಗ ಅದು ರಕ್ತಕ್ಕೆ ಸೋರುತ್ತದೆ. ಈ ವರದಿಯ ಕುರಿತು ಪೋಷಕರಲ್ಲಿ ಅನಗತ್ಯ ಆತಂಕ ಉಂಟಾಗುವುದುಂಟು. ಪ್ರಯೋಗಾಲಯದ ಕಾಗದದಲ್ಲಿ ಮುದ್ರಿತವಾಗಿರುವ ‘ಸಾಮಾನ್ಯ ಮಿತಿ’ ಬಹುತೇಕ ವಯಸ್ಕರಿಗೆ ಸಂಬಂಧಿಸಿದ್ದು. ಯಾವುದೇ ತೊಂದರೆಯಿಲ್ಲದೆ ಹುಟ್ಟಿದ ಶಿಶುವಿನಲ್ಲಿಯೂ ಟ್ರೋಪೋನಿನ್ ವಯಸ್ಕರ ಮಿತಿಗಿಂತ ಹೆಚ್ಚಿರುತ್ತದೆ. ಆದ್ದರಿಂದ ಅಂಕಿಯ ಪಕ್ಕದಲ್ಲಿ ದಪ್ಪಕ್ಷರದ ಗುರುತು ಇರುವುದರಿಂದಲೇ ಶಿಶುವಿಗೆ ಹೃದಯಾಘಾತವಾಗಿದೆ ಎಂದು ಭಾವಿಸಬಾರದು. ಅಂಕಿ ಮೊದಲ ದಿನಗಳಲ್ಲಿ ಏರಿ, ನಂತರ ಇಳಿಯುತ್ತಿದೆಯೇ ಎಂಬುದೇ ಮುಖ್ಯ. ಸಿಕೆ-ಎಂಬಿ ಎಂಬ ಇನ್ನೊಂದು ಪರೀಕ್ಷೆ ಇದ್ದು, ಸಹಜ ಹೆರಿಗೆಯ ಒತ್ತಡದಿಂದಲೇ ಅದು ಏರಬಹುದಾದ್ದರಿಂದ ಅದರ ಮಹತ್ವ ಕಡಿಮೆಯಾಗಿದೆ.

ಎಕೋ ಪರೀಕ್ಷೆ

ಹೃದಯದ ಕಾರ್ಯವನ್ನು ನೇರವಾಗಿ ನೋಡುವ ಪರೀಕ್ಷೆ ಎಂದರೆ ಎಕೋಕಾರ್ಡಿಯೋಗ್ರಾಂ. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನಂತೆ ಇದರಲ್ಲಿಯೂ ಶಬ್ದತರಂಗಗಳನ್ನು ಬಳಸಲಾಗುತ್ತದೆ. ಕ್ಷ-ಕಿರಣ ಇರುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ನೋವಾಗುವುದಿಲ್ಲ. ಶಿಶುವನ್ನು ತೊಟ್ಟಿಲಿನಿಂದ ಎತ್ತದೆಯೇ, ಹಾಸಿಗೆಯ ಬಳಿಯೇ ಈ ಪರೀಕ್ಷೆ ನಡೆಸಬಹುದು. ಎಷ್ಟು ಬಾರಿ ಮಾಡಿದರೂ ಶಬ್ದತರಂಗಗಳಿಂದ ಹಾನಿಯಾಗುವುದೆಂಬ ಭಯ ಬೇಡ.

ವರದಿಯಲ್ಲಿ ಮೊದಲು ಕಾಣುವ ಅಂಕಿ ಎಜೆಕ್ಷನ್ ಫ್ರ್ಯಾಕ್ಷನ್, ಸಂಕ್ಷಿಪ್ತವಾಗಿ ಇ.ಎಫ್. ಹೃತ್ಕುಕ್ಷಿ ತುಂಬಿದಾಗ ಅದರಲ್ಲಿದ್ದ ರಕ್ತದ ಶೇಕಡಾ ಎಷ್ಟು ಭಾಗ ಒಂದು ಬಡಿತಕ್ಕೆ ಹೊರಹೋಯಿತು ಎಂಬುದನ್ನು ಇದು ತಿಳಿಸುತ್ತದೆ. ತುಂಬಿದಾಗ ಏಳು ಮಿಲಿಲೀಟರ್ ಇದ್ದು, ಬಡಿತದ ನಂತರ ಎರಡೂವರೆ ಮಿಲಿಲೀಟರ್ ಉಳಿದರೆ ಹೊರಹೋದದ್ದು ನಾಲ್ಕೂವರೆ; ಅಂದರೆ ಇ.ಎಫ್. ಶೇಕಡಾ 64. ಶೇಕಡಾ 55ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ತೃಪ್ತಿಕರವೆಂದು ಪರಿಗಣಿಸಲಾಗುತ್ತದೆ. ಶೇಕಡಾ ನೂರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಶೇಕಡಾ 60 ಎಂದರೆ ಹೃದಯ ಶೇಕಡಾ 40ರಷ್ಟು ಹಾಳಾಗಿದೆ ಎಂಬ ತಪ್ಪು ತಿಳುವಳಿಕೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದ್ದು, ಅದನ್ನು ಬಿಡುವುದು ಅವಶ್ಯ.

ಇದರ ಜೊತೆಗೆ ಶಾರ್ಟನಿಂಗ್ ಫ್ರ್ಯಾಕ್ಷನ್ ಎಂಬ ಅಂಕಿಯೂ ಇರುತ್ತದೆ. ಇದು ಹೃತ್ಕುಕ್ಷಿಯ ಅಗಲ ಬಡಿತದಲ್ಲಿ ಎಷ್ಟು ಕುಗ್ಗಿತು ಎಂಬುದನ್ನು ಒಂದೇ ಗೆರೆಯಲ್ಲಿ ಅಳೆಯುತ್ತದೆ. ಸುಮಾರು ಶೇಕಡಾ 28ರಿಂದ 40 ಇದ್ದರೆ ಸಾಮಾನ್ಯ. ಅಳೆಯಲು ಸುಲಭವಾದರೂ ಹುಟ್ಟಿದ ಮೊದಲ ದಿನಗಳಲ್ಲಿ ಇದನ್ನು ಪೂರ್ತಿ ನಂಬುವಂತಿಲ್ಲ. ಆ ದಿನಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಇನ್ನೂ ಹೆಚ್ಚಿರುವುದರಿಂದ ಹೃದಯದ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ಚಪ್ಪಟೆಯಾಗಿ, ಒಂದು ಗೆರೆಯ ಅಳತೆ ತಪ್ಪು ಹೇಳಬಹುದು.

ಉಸಿರುಗಟ್ಟಿದ ಶಿಶುಗಳಲ್ಲಿ ಎಡಭಾಗಕ್ಕಿಂತ ಬಲಭಾಗದ ಹೃತ್ಕುಕ್ಷಿಗೆ ಹೆಚ್ಚು ಶ್ರಮ ಬೀಳುವುದುಂಟು. ಆಮ್ಲಜನಕದ ಕೊರತೆಯಿಂದ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡೇ ಉಳಿದರೆ, ಈಗಾಗಲೇ ಮಂಕಾಗಿರುವ ಬಲ ಹೃತ್ಕುಕ್ಷಿ ಆ ಒತ್ತಡದ ಎದುರು ರಕ್ತವನ್ನು ದೂಡಬೇಕಾಗುತ್ತದೆ. ಮೂರು ದಳದ ಕವಾಟ ಸೋರಲಾರಂಭಿಸುತ್ತದೆ. ಆದ್ದರಿಂದ ತಜ್ಞರು ಬಲಭಾಗವನ್ನು ಪ್ರತ್ಯೇಕವಾಗಿ ಅಳೆಯುತ್ತಾರೆ: ಪ್ರತಿ ಬಡಿತಕ್ಕೆ ಆ ಕವಾಟದ ಉಂಗುರ ಎಷ್ಟು ಕೆಳಗೆ ಸರಿಯುತ್ತದೆ ಎಂಬುದನ್ನು. ಪೂರ್ಣಾವಧಿಯ ಶಿಶುವಿನಲ್ಲಿ ಅದು ಸರಾಸರಿ ಒಂಬತ್ತು ಮಿಲಿಮೀಟರ್. ವರದಿಯಲ್ಲಿ ಟ್ಯಾಪ್ಸಿ ಎಂದು ಬರೆದಿರುವುದು ಇದನ್ನೇ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಸ್ನಾಯುವಿನ ಚಲನೆಯ ವೇಗವನ್ನು ಅಳೆಯುವ ಟಿಶ್ಯೂ ಡಾಪ್ಲರ್, ಸ್ನಾಯು ಎಷ್ಟು ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದನ್ನು ಅಳೆಯುವ ಸ್ಟ್ರೇನ್ ಎಂಬ ವಿಧಾನಗಳೂ ಇವೆ. ಇ.ಎಫ್. ಸಾಮಾನ್ಯವಾಗಿ ಕಂಡಾಗಲೂ ಉಳಿದಿರುವ ಸೂಕ್ಷ್ಮ ದೌರ್ಬಲ್ಯ ಇವುಗಳಲ್ಲಿ ಗೋಚರಿಸಬಹುದು. ಇವು ಎಲ್ಲ ಕಡೆ ಲಭ್ಯವಿಲ್ಲ; ಇಲ್ಲದಿರುವುದರಿಂದ ಚಿಕಿತ್ಸೆ ನಿಲ್ಲುವುದೂ ಇಲ್ಲ.

ಎಕೋ ಪರೀಕ್ಷೆಯ ಮತ್ತೊಂದು ಮುಖ್ಯ ಉಪಯೋಗವೆಂದರೆ ಹುಟ್ಟಿನಿಂದಲೇ ಹೃದಯದ ರಚನೆಯಲ್ಲಿ ದೋಷವಿದೆಯೇ ಎಂದು ನೋಡುವುದು. ಮಹಾಪಧಮನಿ ಒಂದೆಡೆ ಕಿರಿದಾಗಿರುವ ಶಿಶು ಹುಟ್ಟಿದಾಗ ಚೆನ್ನಾಗಿದ್ದು, ಗರ್ಭದಲ್ಲಿ ತೆರೆದಿದ್ದ ರಕ್ತನಾಳ ಕೆಲವು ದಿನಗಳಲ್ಲಿ ಮುಚ್ಚಿಕೊಂಡಾಗ ಏಕಾಏಕಿ ಕಳೆಗುಂದುತ್ತದೆ. ನೋಡುವವರಿಗೆ ಇದು ಉಸಿರುಗಟ್ಟುವಿಕೆಯ ಅಥವಾ ನಂಜಿನ ಲಕ್ಷಣದಂತೆಯೇ ತೋರುತ್ತದೆ, ಚಿಕಿತ್ಸೆ ಮಾತ್ರ ಬೇರೆ. ಇನ್ನೂ ಅಪರೂಪದ ದೋಷವೊಂದರಲ್ಲಿ ಹೃದಯ ಸ್ನಾಯುವಿಗೆ ರಕ್ತ ಕೊಡುವ ಎಡ ಕರೋನರಿ ನಾಳವು ಮಹಾಪಧಮನಿಯ ಬದಲು ಶ್ವಾಸಕೋಶದ ಅಪಧಮನಿಯಿಂದ ಹೊರಟಿರುತ್ತದೆ. ಇಂತಹ ಶಿಶು ಎರಡು ಮೂರು ತಿಂಗಳಾಗುವಾಗ ಹಾಲು ಕುಡಿಯುತ್ತಲೇ ಬೆವರಿ, ಅತ್ತು, ಬಿಳುಚಿಕೊಳ್ಳುತ್ತದೆ, ಇ.ಎಫ್. ತೀರಾ ಕೆಳಗಿಳಿದಿರುತ್ತದೆ. ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಸರಿಯಾದ ಸ್ಥಾನಕ್ಕೆ ಜೋಡಿಸಿದ ನಂತರ ತಿಂಗಳುಗಳ ಅವಧಿಯಲ್ಲಿ ಅದೇ ಹೃದಯ ಬಲ ಪಡೆಯುವುದು ಕಂಡುಬಂದಿದೆ. ಶಿಶುವಿನ ಹೃದಯ ಸ್ನಾಯುವಿನ ಚೇತರಿಕೆಯ ಶಕ್ತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಒಂದೇ ವರದಿ ಏಕೆ ಸಾಲದು

ಸಾಮಾನ್ಯವಾಗಿ ಮೊದಲ ದಿನ, ಮೂರನೇ ದಿನದ ಸುಮಾರಿಗೆ ಹಾಗೂ ಬಿಡುಗಡೆಗೆ ಮುನ್ನ ಎಕೋ ಪರೀಕ್ಷೆ ಮಾಡಲಾಗುತ್ತದೆ; ಶಿಶುವಿನ ಸ್ಥಿತಿಗನುಗುಣವಾಗಿ ಇದು ಬದಲಾಗಬಹುದು. ಮೊದಲ ದಿನ ಇ.ಎಫ್. ಶೇಕಡಾ 40 ಇದ್ದು, ಮೂರನೇ ದಿನ 55ಕ್ಕೆ ಏರಿದರೆ ಅದು ಚೇತರಿಕೆಯೇ? ಕೇವಲ ಅಂಕಿಯಿಂದ ಹೇಳಲಾಗದು. ಹೃದಯದ ಬಲ ಹೆಚ್ಚಿಸುವ ಡೊಬುಟಮಿನ್, ಅಡ್ರಿನಲಿನ್ ಮುಂತಾದ ಔಷಧಗಳು ಹನಿಹನಿಯಾಗಿ ಸಾಗುತ್ತಿರುವಾಗ ಅಳೆದ 55 ಬೇರೆ, ಔಷಧ ನಿಲ್ಲಿಸಿದ ಮೇಲೆ ಅಳೆದ 55 ಬೇರೆ. ಎರಡನೆಯದೇ ನಿಜವಾದ ಚೇತರಿಕೆಯ ಅಳತೆ. ಅದೇ ರೀತಿ, ಕವಾಟ ಸೋರುತ್ತಿದ್ದರೆ ರಕ್ತದ ಒಂದು ಭಾಗ ಹಿಂದಕ್ಕೆ ಹೋಗುತ್ತಿದ್ದರೂ ಇ.ಎಫ್. ಚೆನ್ನಾಗಿಯೇ ಕಾಣಬಹುದು. ಆದುದರಿಂದಲೇ ವೈದ್ಯರು ನಿಮಿಷಕ್ಕೆ ಹೊರಹೋಗುವ ರಕ್ತದ ಒಟ್ಟು ಪ್ರಮಾಣ, ಮೂತ್ರ, ಲ್ಯಾಕ್ಟೇಟ್ ಎಲ್ಲವನ್ನೂ ಒಟ್ಟಿಗೆ ಇಟ್ಟು ನಿರ್ಣಯಿಸುತ್ತಾರೆ. ಪರೀಕ್ಷೆಯ ದಿನ ಶಿಶುವಿಗೆ ಯಾವ ಔಷಧ ಸಾಗುತ್ತಿತ್ತು ಎಂಬುದು ವರದಿಯಲ್ಲಿ ನಮೂದಾಗಿದ್ದರೆ ಮುಂದಿನ ಹೋಲಿಕೆಗೆ ಅನುಕೂಲ.

ತಂಪು ಚಿಕಿತ್ಸೆ ಪಡೆಯುವ ಶಿಶುಗಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಮಿದುಳಿಗೆ ಆಗುವ ಹಾನಿಯನ್ನು ತಗ್ಗಿಸಲು ಶಿಶುವಿನ ದೇಹದ ಉಷ್ಣತೆಯನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ 72 ಗಂಟೆಗಳ ಕಾಲ ಇಡುವ ಚಿಕಿತ್ಸೆ ಇದು. ಹುಟ್ಟಿದ ಆರು ಗಂಟೆಗಳೊಳಗೆ ಆರಂಭವಾಗಬೇಕು. ಈ ಅವಧಿಯಲ್ಲಿ ಹೃದಯ ಬಡಿತ ನಿಮಿಷಕ್ಕೆ ಸುಮಾರು 100ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವುದು ನಿರೀಕ್ಷಿತ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಹೃದಯದ ನಿಜವಾದ ಸ್ಥಿತಿ ದೇಹವನ್ನು ಮತ್ತೆ ಬೆಚ್ಚಗಾಗಿಸಿದ ನಂತರವಷ್ಟೇ ತಿಳಿಯುತ್ತದೆ. ಈ ಚಿಕಿತ್ಸೆ ಎಲ್ಲ ಶಿಶುಗಳಿಗೂ ಸೂಕ್ತವಲ್ಲ. ಭಾರತ, ಶ್ರೀಲಂಕಾ ಹಾಗೂ ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಅಧ್ಯಯನದಲ್ಲಿ ತಂಪು ಚಿಕಿತ್ಸೆಯಿಂದ ಸಾವು ಅಥವಾ ಅಂಗವೈಕಲ್ಯ ಕಡಿಮೆಯಾಗಲಿಲ್ಲ. ಸಾವಿನ ಪ್ರಮಾಣ ತಂಪು ಚಿಕಿತ್ಸೆ ಪಡೆದವರಲ್ಲಿ ಶೇಕಡಾ 42, ಪಡೆಯದವರಲ್ಲಿ ಶೇಕಡಾ 31 ಇತ್ತು. ಆದ್ದರಿಂದ ‘ಬೇರೆ ಶಿಶುವಿಗೆ ಕೊಟ್ಟರು, ನಮ್ಮದಕ್ಕೆ ಕೊಡಲಿಲ್ಲ’ ಎಂಬ ದೂರಿಗೆ ಮುನ್ನ ಕಾರಣವನ್ನು ವೈದ್ಯರಿಂದ ಕೇಳಿ ತಿಳಿಯುವುದು ಒಳಿತು. ಶಿಶುವನ್ನು ತಾವಾಗಿಯೇ ತಣ್ಣಗೆ ಇಡುವುದು ಅಪಾಯಕಾರಿ. ಸಾಗಿಸುವಾಗ ವೈದ್ಯರು ಬೇರೆ ಸೂಚನೆ ನೀಡದ ಹೊರತು ಶಿಶುವನ್ನು ಬೆಚ್ಚಗೆ ಇಡತಕ್ಕದ್ದು.

ಹೃದಯದ ವರದಿ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ಭಾವಿಸುವಂತಿಲ್ಲ ಎಂಬುದನ್ನು ಪೋಷಕರಿಗೆ ಮರೆಮಾಚದೆ ತಿಳಿಸಬೇಕಾಗುತ್ತದೆ. ರಕ್ತದ ಕೊರತೆಯಿಂದ ಹೃದಯ ಚೇತರಿಸಿಕೊಳ್ಳುವಷ್ಟು ಸುಲಭವಾಗಿ ಮಿದುಳು ಚೇತರಿಸಿಕೊಳ್ಳುವುದಿಲ್ಲ. ಹೃದಯದ ಬಲ ಬೇಗ ಮರಳಿದರೆ ಮಿದುಳಿಗೆ ಎರಡನೇ ಬಾರಿ ರಕ್ತದ ಕೊರತೆಯಾಗುವುದು ತಪ್ಪುತ್ತದೆ. ಆ ಕಾರಣಕ್ಕಾಗಿಯೇ ಹೃದಯದ ಮೇಲೆ ಇಷ್ಟೊಂದು ನಿಗಾ. ಆದರೆ ಮಗು ಕತ್ತು ನಿಲ್ಲಿಸುವುದು, ಮಗುಚುವುದು, ಕೂರುವುದು ಕಾಲಕ್ಕೆ ಸರಿಯಾಗಿ ಆಗುತ್ತಿದೆಯೇ, ಕಿವಿ ಕೇಳಿಸುತ್ತಿದೆಯೇ ಎಂಬ ತಪಾಸಣೆ ಎಕೋ ವರದಿ ಸರಿಯಿದ್ದರೂ ಮುಂದುವರಿಯಬೇಕು.

ಎಲ್ಲಿಗೆ ಹೋಗಬೇಕು

ಉಡುಪಿ ಜಿಲ್ಲೆಯು 1997ರಲ್ಲಿ ರಚನೆಯಾಯಿತು. ಬೈಂದೂರು ಹಾಗೂ ಬ್ರಹ್ಮಾವರ ನಂತರದ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕುಗಳಾದರೂ, ತೀವ್ರ ಅಸ್ವಸ್ಥ ಶಿಶುಗಳ ಚಿಕಿತ್ಸೆಗೆ ಈ ಭಾಗದ ಜನರು ದಕ್ಷಿಣಕ್ಕೆ ಉಡುಪಿ, ಮಣಿಪಾಲದ ಕಡೆಗೇ ಬರಬೇಕಾಗುತ್ತದೆ. ಶಿರೂರಿನಿಂದ ಅಥವಾ ಕೊಲ್ಲೂರಿನ ಕಡೆಯಿಂದ ಹೊರಡುವವರಿಗೆ ಈ ದಾರಿ ಕಡಿಮೆಯದಲ್ಲ. ಬೈಂದೂರಿನಿಂದ ಕುಂದಾಪುರ ಸುಮಾರು 30 ಕಿಲೋಮೀಟರ್, ಅಲ್ಲಿಂದ ಉಡುಪಿ ಮತ್ತೆ ಸುಮಾರು 40 ಕಿಲೋಮೀಟರ್. ಘಟ್ಟದ ಬುಡದ ಅಮಾಸೆಬೈಲು, ಹೊಸಂಗಡಿಯಂತಹ ಊರುಗಳಲ್ಲಿ ಹೆದ್ದಾರಿ ತಲುಪುವುದಕ್ಕೇ ಸಮಯ ಹಿಡಿಯುತ್ತದೆ. ಆಷಾಢದ ಮಳೆಯಲ್ಲಿ ಇನ್ನೂ ಹೆಚ್ಚು. ಹೀಗಾಗಿ ಹೆರಿಗೆಯಲ್ಲಿ ತೊಡಕಿನ ಸಂಭವವಿದೆ ಎಂದು ವೈದ್ಯರು ಮೊದಲೇ ಸೂಚಿಸಿದ್ದಲ್ಲಿ, ದಿನ ತುಂಬುವ ಮುನ್ನವೇ ಶಿಶುತಜ್ಞರಿರುವ ಆಸ್ಪತ್ರೆಗೆ ಸಮೀಪದಲ್ಲಿ ಉಳಿಯುವ ಏರ್ಪಾಡು ಮಾಡಿಕೊಳ್ಳುವುದು ಉತ್ತಮ. ಶಿಶುವನ್ನು ಸಾಗಿಸುವುದಕ್ಕಿಂತ ಶಿಶುವನ್ನು ಹೊತ್ತ ತಾಯಿಯನ್ನು ಸಾಗಿಸುವುದು ಯಾವಾಗಲೂ ಸುರಕ್ಷಿತ.

ಸರ್ಕಾರಿ ವ್ಯವಸ್ಥೆಯಲ್ಲಿ ಮೂರು ಹಂತಗಳಿವೆ. ಹೆರಿಗೆ ನಡೆಯುವ ಆರೋಗ್ಯ ಕೇಂದ್ರಗಳಲ್ಲಿ ನವಜಾತ ಶಿಶು ಆರೈಕೆ ಮೂಲೆ, ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ಶಿಶುವಿನ ಸ್ಥಿತಿಯನ್ನು ಸ್ಥಿರಗೊಳಿಸುವ ಘಟಕ, ಜಿಲ್ಲಾ ಮಟ್ಟದಲ್ಲಿ ನವಜಾತ ಶಿಶು ವಿಶೇಷ ಆರೈಕೆ ಘಟಕ. ಕೃತಕ ಉಸಿರಾಟ ಹಾಗೂ ಮಕ್ಕಳ ಹೃದ್ರೋಗ ತಜ್ಞರ ಸೇವೆ ಬೇಕಾದಲ್ಲಿ ಮುಂದಿನ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಮಂಗಳೂರಿನ ಸರ್ಕಾರಿ ಲೇಡಿಗೋಷನ್ ಹಾಗೂ ವೆನ್ಲಾಕ್ ಆಸ್ಪತ್ರೆಗಳು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಹಾಗೂ ಜಯದೇವ ಹೃದ್ರೋಗ ಸಂಸ್ಥೆ ಈ ಭಾಗದ ಜನರಿಗೆ ಪರಿಚಿತವಾಗಿವೆ. ಯಾವ ಶಿಶುವನ್ನು ಎಲ್ಲಿಗೆ ಎಂಬುದನ್ನು ಕಳುಹಿಸುವ ವೈದ್ಯರು, ಅಲ್ಲಿ ಹಾಸಿಗೆ ಇದೆಯೇ ಎಂದು ದೂರವಾಣಿಯಲ್ಲಿ ಖಚಿತಪಡಿಸಿಕೊಂಡು ನಿರ್ಧರಿಸುವುದು ಸೂಕ್ತ. ಖಾಸಗಿ ಕಾರಿನಲ್ಲಿ ಹೊರಟುಬಿಡುವುದರಿಂದ ಕೆಲವು ನಿಮಿಷ ಉಳಿದರೂ ದಾರಿಯಲ್ಲಿ ಆಮ್ಲಜನಕ ಇರುವುದಿಲ್ಲ. 108 ಆರೋಗ್ಯ ಕವಚ ಆಂಬ್ಯುಲೆನ್ಸ್ ಸೇವೆಯನ್ನು ಬಳಸಿಕೊಳ್ಳತಕ್ಕದ್ದು.

ಉಚಿತ ಸೌಲಭ್ಯಗಳು ಹಾಗೂ ದಾಖಲೆಗಳು

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿಗೆ ಔಷಧ, ಪರೀಕ್ಷೆಗಳು, ರಕ್ತ ಹಾಗೂ ಒಂದು ಆಸ್ಪತ್ರೆಯಿಂದ ಮತ್ತೊಂದಕ್ಕೆ ಸಾಗಣೆ ಉಚಿತ. ಮೊದಲು 30 ದಿನಗಳಿಗೆ ಸೀಮಿತವಾಗಿದ್ದ ಈ ಸೌಲಭ್ಯವನ್ನು 2014ರಲ್ಲಿ ಒಂದು ವರ್ಷದವರೆಗಿನ ಶಿಶುಗಳಿಗೂ ವಿಸ್ತರಿಸಲಾಯಿತು. ಇದಕ್ಕೆ ಬಡತನ ರೇಖೆಯ ನಿರ್ಬಂಧವಿಲ್ಲ. ಈ ಭಾಗದ ಹೆಣ್ಣುಮಕ್ಕಳು ಬೆಂಗಳೂರು, ಮುಂಬಯಿಯಲ್ಲಿ ನೆಲೆಸಿದ್ದು ಹೆರಿಗೆಗೆ ತವರಿಗೆ ಬರುವುದು ರೂಢಿಯಲ್ಲಿದೆ. ತಾಯಿ ಕಾರ್ಡ್ ಬೇರೆ ಊರಿನದ್ದಾಗಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೌಲಭ್ಯ ದೊರೆಯುತ್ತದೆ. ಕಾರ್ಡನ್ನೂ ಹಿಂದಿನ ಸ್ಕ್ಯಾನಿಂಗ್ ವರದಿಗಳನ್ನೂ ಜೊತೆಯಲ್ಲಿ ತರಬೇಕು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದ್ದು, ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೆ ಯೋಜನೆಯ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಅಗತ್ಯ. ಶಿಶುವಿನ ಹೆಸರು ಪಡಿತರ ಚೀಟಿಯಲ್ಲಿ ಇನ್ನೂ ಸೇರಿಲ್ಲ ಎಂಬ ಕಾರಣಕ್ಕೆ ಅನೇಕರು ಮೊದಲು ಕೈಯಿಂದ ಹಣ ಕಟ್ಟಿ, ನಂತರ ಯೋಜನೆಯ ಬಗ್ಗೆ ವಿಚಾರಿಸುವುದುಂಟು. ಹಾಗೆ ಮಾಡದೆ, ದಾಖಲಾದ ದಿನವೇ ತಾಯಿಯ ಆಧಾರ್, ಕುಟುಂಬದ ಪಡಿತರ ಚೀಟಿ, ತಾಯಿ ಕಾರ್ಡ್ ಹಾಗೂ ರೆಫರಲ್ ಪತ್ರದೊಂದಿಗೆ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕಾಣಬೇಕು. ಯೋಜನೆಯ ಸಹಾಯವಾಣಿ 14555.

ಹೃದಯದ ರಚನಾ ದೋಷ ಕಂಡುಬಂದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಮುಂದಿನ ಚಿಕಿತ್ಸೆಗೆ ವ್ಯವಸ್ಥೆ ಮಾಡಲಾಗುತ್ತದೆ. ಬೆಳವಣಿಗೆಯಲ್ಲಿ ವಿಳಂಬ ಕಂಡಲ್ಲಿಯೂ ಇದೇ ಕಾರ್ಯಕ್ರಮದ ತಂಡವನ್ನು ತಾಲ್ಲೂಕು ಆಸ್ಪತ್ರೆಯ ಮೂಲಕ ಸಂಪರ್ಕಿಸಬಹುದು.

ಜನನ ನೋಂದಣಿಯ ಕುರಿತು ಒಂದು ಮಾತು. ಬ್ರಹ್ಮಾವರದಲ್ಲಿ ಹುಟ್ಟಿ ಮಣಿಪಾಲದಲ್ಲಿ ಚಿಕಿತ್ಸೆ ಪಡೆದ ಶಿಶುವಿನ ಜನನವು ಬ್ರಹ್ಮಾವರದಲ್ಲಿಯೇ ನೋಂದಣಿಯಾಗತಕ್ಕದ್ದು. ಚಿಕಿತ್ಸೆ ನೀಡಿದ ಸ್ಥಳದಲ್ಲಲ್ಲ. 21 ದಿನಗಳೊಳಗೆ ಮಾಹಿತಿ ನೀಡಿದಲ್ಲಿ ವಿಳಂಬ ಶುಲ್ಕವಿಲ್ಲ. ನಾಮಕರಣವಾಗಿಲ್ಲವೆಂದು ಕಾಯಬೇಕಿಲ್ಲ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಶಿಶು ಘಟಕದಲ್ಲಿರುವ ಆತಂಕದ ದಿನಗಳಲ್ಲಿ ಇದು ಮರೆತುಹೋಗುವುದು ಸಹಜವಾದ್ದರಿಂದ ಹೆರಿಗೆಯಾದ ಆಸ್ಪತ್ರೆಯಲ್ಲಿ ಕುಟುಂಬದ ಒಬ್ಬರು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮನೆಗೆ ಮರಳಿದ ನಂತರ

ಬಿಡುಗಡೆಯ ಸಾರಾಂಶ ಪತ್ರ ಹಾಗೂ ಎಲ್ಲ ಎಕೋ ವರದಿಗಳ ಪ್ರತಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳಬೇಕು. ಕೊನೆಯ ವರದಿ ಮಾತ್ರ ಇದ್ದರೆ ಚೇತರಿಕೆಯ ದಾರಿ ತಿಳಿಯುವುದಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿನ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಹಾಗೂ 42ನೇ ದಿನಗಳಂದು ಭೇಟಿ ನೀಡಬೇಕಾಗಿದ್ದು, ಘಟಕದಿಂದ ಬಿಡುಗಡೆಯಾದ ಶಿಶು ಎಂಬುದನ್ನು ಅವರಿಗೆ ತಿಳಿಸಬೇಕು. ಬಾಣಂತಿಯ ಕೋಣೆಯಲ್ಲಿ ಹೊಗೆ ಹಾಕುವ ಪದ್ಧತಿ ಇರುವ ಮನೆಗಳಲ್ಲಿ ಈ ಶಿಶುಗಳ ಮಟ್ಟಿಗೆ ಅದನ್ನು ಕೈಬಿಡುವುದು ಅವಶ್ಯ. ಶ್ವಾಸಕೋಶದ ಶ್ರಮವೆಲ್ಲ ಹೃದಯದ ಮೇಲೆಯೇ ಬೀಳುತ್ತದೆ.

ಶಿಶು ಹಾಲು ಕುಡಿಯುವಾಗ ಹಣೆ ಬೆವರುವುದು, ಎರಡು ಗುಟುಕಿಗೇ ದಣಿದು ಬಿಡುವುದು, ಮಲಗಿರುವಾಗಲೂ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುವುದು, ತುಟಿ ಅಥವಾ ನಾಲಿಗೆ ನೀಲಿಯಾಗುವುದು, ಪಾದ ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು ಕಂಡುಬಂದಲ್ಲಿ ಮುಂದಿನ ತಪಾಸಣೆಯ ದಿನಾಂಕದವರೆಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಉಸಿರನ್ನು ಎಣಿಸುವಾಗ ಶಿಶು ಅಳದೆ ಶಾಂತವಾಗಿರಬೇಕು ಹಾಗೂ ಪೂರ್ಣ ಒಂದು ನಿಮಿಷ ಎಣಿಸಬೇಕು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.